ಸಾಬೂನು, ಬಿಸಿನೀರು ಮತ್ತು ಚರ್ಮ: ತಡವಾಗಿ ಕೇಳಿದ ಒಂದು ಪ್ರಶ್ನೆ

ದಿನಕ್ಕೊಮ್ಮೆ ಸ್ನಾನ ಮಾಡುವ ವ್ಯಕ್ತಿ 60 ವರ್ಷಗಳಲ್ಲಿ ಸುಮಾರು 22 ಸಾವಿರ ಬಾರಿ ಸ್ನಾನ ಮಾಡಿರುತ್ತಾನೆ. ಅಷ್ಟೂ ಬಾರಿ ನೀರು, ಶಾಖ, ಸಾಬೂನು ಮತ್ತು ಉಜ್ಜುವಿಕೆ ಈ ನಾಲ್ಕೂ ಎರಗುವುದು ಚರ್ಮದ ಅತ್ಯಂತ ಹೊರಗಿನ ಪದರದ ಮೇಲೆ. ಅಂಗೈ, ಅಂಗಾಲುಗಳನ್ನು ಬಿಟ್ಟರೆ ಮೈಯ ಬಹುಭಾಗದಲ್ಲಿ ಈ ಪದರದ ದಪ್ಪ 10ರಿಂದ 20 ಮೈಕ್ರೊಮೀಟರ್ ಮಾತ್ರ. ನೀವು ಓದುತ್ತಿರುವ ಈ ಹಾಳೆಗಿಂತಲೂ ಅದು ತೆಳು. ಉಗುರು, ಕೊಂಬುಗಳಲ್ಲಿರುವ ಕೆರಾಟಿನ್ ಎಂಬ ಪ್ರೋಟೀನೇ ಇದರ ಮುಖ್ಯ ವಸ್ತುವಾದ್ದರಿಂದ ಇದನ್ನು ಶೃಂಗಪದರ ಎನ್ನಬಹುದು. ದೇಹದ ನೀರು ಆವಿಯಾಗಿ ಹೋಗದಂತೆ ತಡೆಯುವುದು, ಹೊರಗಿನ ರಾಸಾಯನಿಕಗಳು ಮತ್ತು ರೋಗಾಣುಗಳು ಒಳಬರದಂತೆ ನೋಡಿಕೊಳ್ಳುವುದು ಇದರ ಕೆಲಸ.

ಸಾಬೂನು ಕೊಳೆಯನ್ನು ಹೇಗೆ ತೆಗೆಯುತ್ತದೆ ಎಂಬ ಪ್ರಶ್ನೆಗೆ ವಿಜ್ಞಾನಿಗಳು 200 ವರ್ಷಗಳಿಂದ ಉತ್ತರ ಹುಡುಕುತ್ತ ಬಂದಿದ್ದಾರೆ. ಅದೇ ಸಾಬೂನು ಚರ್ಮಕ್ಕೆ ಏನು ಮಾಡುತ್ತದೆ ಎಂಬ ಪ್ರಶ್ನೆಯನ್ನು ಗಂಭೀರವಾಗಿ ಕೇಳಲಾರಂಭಿಸಿದ್ದು 20ನೆಯ ಶತಮಾನದಲ್ಲಿ. ನಮ್ಮ ಸ್ನಾನದ ರೂಢಿಗಳಲ್ಲಿ ಹೆಚ್ಚಿನವು ಮೊದಲ ಪ್ರಶ್ನೆಯ ಉತ್ತರವನ್ನೇ ನಂಬಿಕೊಂಡಿವೆ. ಎರಡನೆಯ ಪ್ರಶ್ನೆಗೆ ದೊರೆತ ಉತ್ತರಗಳು ಸ್ನಾನದ ಮನೆಯನ್ನು ಇನ್ನೂ ಪೂರ್ಣವಾಗಿ ತಲಪಿಲ್ಲ.

ಸಾಬೂನಿಗೆ ಮೊದಲು

ಪ್ರಾಚೀನ ರೋಮನರು ಮೈಗೆ ಆಲಿವ್ ಎಣ್ಣೆ ಸವರಿ, ಬಾಗಿದ ಲೋಹದ ಪಟ್ಟಿಯಿಂದ ಎಣ್ಣೆಯನ್ನೂ ಕೊಳೆಯನ್ನೂ ಒಟ್ಟಿಗೆ ಕೆರೆದು ತೆಗೆಯುತ್ತಿದ್ದರು. ನಮ್ಮಲ್ಲಿ ಎಣ್ಣೆಸ್ನಾನಕ್ಕೆ ಸೀಗೆಪುಡಿ, ಅಂಟುವಾಳ, ಕಡಲೆಹಿಟ್ಟು ಬಳಕೆಯಲ್ಲಿದ್ದವು. ಎರಡರ ಹಿಂದಿರುವ ತತ್ತ್ವ ಒಂದೇ. ಮೈಯ ಕೊಳೆಯಲ್ಲಿ ಬಹುಪಾಲು ಜಿಡ್ಡಿಗೆ ಅಂಟಿಕೊಂಡ ಧೂಳು. ಜಿಡ್ಡು ಜಿಡ್ಡಿನಲ್ಲಿ ಕರಗುತ್ತದೆ. ಹೆಚ್ಚಾದ ಎಣ್ಣೆಯನ್ನು ಹಿಟ್ಟು ಹೀರಿಕೊಳ್ಳುತ್ತದೆ; ಸೀಗೆ ಮತ್ತು ಅಂಟುವಾಳಗಳಲ್ಲಿರುವ ಸ್ಯಾಪೊನಿನ್ ಎಂಬ ವಸ್ತು ಅದನ್ನು ನೀರಿನೊಡನೆ ಬೆರೆಸಿ ಸಾಗಿಸುತ್ತದೆ. ಸ್ಯಾಪೊನಿನ್ ನೊರೆ ಕೊಡುತ್ತದೆಯಾದರೂ ಅದು ಸಾಬೂನಲ್ಲ. ಸೀಗೆಯ ದ್ರಾವಣ ಕ್ಷಾರೀಯವೂ ಅಲ್ಲ. ಈ ವ್ಯತ್ಯಾಸದ ಮಹತ್ವ ಮುಂದೆ ತಿಳಿಯುತ್ತದೆ.

ಸಾಬೂನಿನ ತಯಾರಿಕೆಯೂ ಹಳೆಯದೇ. ಕೊಬ್ಬನ್ನು ಬೂದಿಯ ಕ್ಷಾರದೊಡನೆ ಕುದಿಸಿ ಅದನ್ನು ಮಾಡುತ್ತಿದ್ದರು. ಆದರೆ ಕ್ಷಾರ ದುಬಾರಿಯಾಗಿದ್ದುದರಿಂದ ಸಾಬೂನು ಎಲ್ಲರ ಕೈಗೆಟಕುವ ವಸ್ತುವಾಗಿರಲಿಲ್ಲ. 1791ರಲ್ಲಿ ಫ್ರಾನ್ಸಿನ ನಿಕೊಲಾ ಲಬ್ಲಾಂ ಅಡುಗೆ ಉಪ್ಪಿನಿಂದ ಸೋಡ ತಯಾರಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಅಲ್ಲಿಂದ ಮುಂದೆ ಕ್ಷಾರ ಅಗ್ಗವಾಯಿತು. ಬ್ರಿಟನ್ನಿನಲ್ಲಿ ಸಾಬೂನಿನ ಮೇಲಿದ್ದ ತೆರಿಗೆ 1853ರಲ್ಲಿ ರದ್ದಾಯಿತು. 19ನೆಯ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿನ ಕಾರ್ಮಿಕರ ಮನೆಗಳಿಗೂ ಸಾಬೂನು ಕಾಲಿಟ್ಟಿತ್ತು.

ಕೊಬ್ಬಿನೊಳಗೆ ಇರುವುದೇನು?

ಸಾಬೂನು ಎಂದರೆ ಏನೆಂಬುದನ್ನು ಸ್ಪಷ್ಟಪಡಿಸಿದವನು ಫ್ರಾನ್ಸಿನ ರಸಾಯನವಿಜ್ಞಾನಿ ಮಿಷೆಲ್ ಷೆವ್ರಲ್. 1811ರಲ್ಲಿ ಹಂದಿಯ ಕೊಬ್ಬಿನಿಂದ ಮಾಡಿದ ಸಾಬೂನನ್ನು ವಿಶ್ಲೇಷಿಸುವ ಕೆಲಸದಿಂದ ಆತ ಆರಂಭಿಸಿದ. 1823ರಲ್ಲಿ ಪ್ರಕಟವಾದ ಅವನ ಗ್ರಂಥ ಈ ಸಂಶೋಧನೆಯ ಫಲ. ಕೊಬ್ಬು ಗ್ಲಿಸರಾಲ್ ಮತ್ತು ಮೇದಾಮ್ಲಗಳ ಸಂಯುಕ್ತ; ಕ್ಷಾರದೊಡನೆ ಕುದಿಸಿದಾಗ ಗ್ಲಿಸರಾಲ್ ಬೇರ್ಪಟ್ಟು, ಮೇದಾಮ್ಲ ಮತ್ತು ಕ್ಷಾರ ಕೂಡಿ ಲವಣವಾಗುತ್ತವೆ ಎಂದು ಆತ ತೋರಿಸಿದ. ಆ ಲವಣವೇ ಸಾಬೂನು.

ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಮೇದಾಮ್ಲ ದುರ್ಬಲ ಆಮ್ಲ, ಸೋಡ ಪ್ರಬಲ ಕ್ಷಾರ. ಇವೆರಡರ ಲವಣ ನೀರಿನಲ್ಲಿ ಕರಗಿದಾಗ ದ್ರಾವಣ ಕ್ಷಾರೀಯವಾಗಿಯೇ ಇರುತ್ತದೆ. ನಿಜವಾದ ಸಾಬೂನಿನ ಪಿಎಚ್ ಸಾಮಾನ್ಯವಾಗಿ 9ರಿಂದ 10ರ ಆಸುಪಾಸಿನಲ್ಲಿರುತ್ತದೆ. ಅದಕ್ಕೆ ಹಾಲು, ಜೇನು, ಗಂಧ ಏನನ್ನೇ ಬೆರೆಸಿದರೂ ಈ ಸ್ವಭಾವ ಹೆಚ್ಚೇನೂ ಬದಲಾಗದು. ಅರಿಶಿನದ ಕಲೆಯಿರುವ ಬಟ್ಟೆಗೆ ಸಾಬೂನು ತಾಗಿದೊಡನೆ ಕಲೆ ಕೆಂಪಾಗುವುದನ್ನು ಎಲ್ಲ ಗೃಹಿಣಿಯರೂ ಕಂಡಿದ್ದಾರೆ. ಅರಿಶಿನ ಮತ್ತು ಸುಣ್ಣದ ಓಕುಳಿ ಕೆಂಪಾಗುವುದೂ ಇದೇ ಕಾರಣದಿಂದ.

ಅಡುಗೆಮನೆಯಲ್ಲಿ ಹುಟ್ಟಿದ ಭೌತವಿಜ್ಞಾನ

ಸಾಬೂನು ಏನೆಂದು ತಿಳಿದರೂ ಅದು ಹೇಗೆ ಕೆಲಸ ಮಾಡುತ್ತದೆಂಬುದು ತಿಳಿಯಲು ಭೌತವಿಜ್ಞಾನದ ನೆರವು ಬೇಕಾಯಿತು. ಈ ಕಥೆಯಲ್ಲಿ ಜರ್ಮನಿಯ ಬ್ರೌನ್‌ಶ್ವೈಗ್ ನಗರದ ಆಗ್ನೆಸ್ ಪೊಕೆಲ್ಸ್ ಅವರಿಗೆ ವಿಶೇಷ ಸ್ಥಾನವಿದೆ. ಆ ಕಾಲದ ಇತರ ಹೆಣ್ಣುಮಕ್ಕಳಂತೆ ಆಕೆಗೂ ವಿಶ್ವವಿದ್ಯಾಲಯದ ಶಿಕ್ಷಣ ದೊರೆಯಲಿಲ್ಲ. ಮನೆಗೆಲಸ ಮಾಡುತ್ತಲೇ, ಪಾತ್ರೆ ತೊಳೆಯುವ ನೀರಿನ ಮೇಲ್ಮೈಯನ್ನು ಜಿಡ್ಡು ಹೇಗೆ ಬದಲಿಸುತ್ತದೆಂದು ಆಕೆ ಗಮನಿಸಿದರು. ಒಂದು ತಗಡಿನ ತೊಟ್ಟಿ, ನೀರಿನ ಮೇಲ್ಮೈಯನ್ನು ಕಿರಿದಾಗಿಸುವ ಸರಿಸುಪಟ್ಟಿ, ತೂಕ ಅಳೆಯುವ ಸರಳ ಸಲಕರಣೆ ಇವಿಷ್ಟರಿಂದ ಮೇಲ್ಮೈ ಎಳೆತವನ್ನು ಅಳೆದರು. 1891ರಲ್ಲಿ ಈ ಫಲಿತಾಂಶಗಳನ್ನು ಲಾರ್ಡ್ ರ್‍ಯಾಲೆಗೆ ಬರೆದು ತಿಳಿಸಿದರು. ಪತ್ರದ ಮಹತ್ವವನ್ನು ಮನಗಂಡ ರ್‍ಯಾಲೆ ಅದರ ಅನುವಾದವನ್ನು 'ನೇಚರ್' ಪತ್ರಿಕೆಗೆ ಕಳಿಸಿದರು. ಅದು ಅದೇ ವರ್ಷ ಪ್ರಕಟವಾಯಿತು.

ಈ ವಿಧಾನವನ್ನು ಮುಂದುವರಿಸಿದ ಅಮೆರಿಕದ ಅರ್ವಿಂಗ್ ಲ್ಯಾಂಗ್ಮ್ಯೂರ್, ನೀರಿನ ಮೇಲಿನ ಮೇದಾಮ್ಲದ ಅಣುಗಳು ಒಂದೇ ಅಣುವಿನಷ್ಟು ದಪ್ಪದ ಪದರವಾಗಿ, ತಲೆಯನ್ನು ನೀರಿನೊಳಗಿಟ್ಟು ಬಾಲವನ್ನು ಹೊರಚಾಚಿ ನಿಲ್ಲುತ್ತವೆಂದು 1917ರಲ್ಲಿ ವಿವರಿಸಿದ. ಮೇಲ್ಮೈ ರಸಾಯನ ಕುರಿತ ಕೆಲಸಕ್ಕಾಗಿ 1932ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಬಂತು. ಅದೇ ವರ್ಷ 70ರ ಪೊಕೆಲ್ಸ್ ಅವರಿಗೆ ಬ್ರೌನ್‌ಶ್ವೈಗ್‌ನ ತಾಂತ್ರಿಕ ವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು.

ಸಾಬೂನಿನ ಅಣುವಿಗೆ ನೀರನ್ನು ಬಯಸುವ ತಲೆ, ಎಣ್ಣೆಯನ್ನು ಬಯಸುವ ಬಾಲ ಇವೆ. ಶುದ್ಧ ನೀರಿನ ಮೇಲ್ಮೈ ಎಳೆತ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ಸಾಬೂನು ಸೇರಿದಾಗ ಅದು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಆಗ ನೀರು ಚರ್ಮದ ಗೆರೆಗಳೊಳಗೆ ಹರಡಬಲ್ಲದು. ದ್ರಾವಣ ಸಾಕಷ್ಟು ಪ್ರಬಲವಾದಾಗ ಅಣುಗಳು ಬಾಲಗಳನ್ನು ಒಳಮಾಡಿಕೊಂಡು ಗುಂಪುಗೂಡುತ್ತವೆ. ಮಿಸೆಲ್ ಎಂಬ ಈ ಗುಂಪುಗಳ ಕಲ್ಪನೆಯನ್ನು 1913ರಲ್ಲಿ ಮಂಡಿಸಿದವನು ಜೇಮ್ಸ್ ಮೆಕ್‌ಬೇನ್. ಜಿಡ್ಡು ಮಿಸೆಲಿನ ಒಡಲಲ್ಲಿ ಸೇರಿ ನೀರಿನೊಡನೆ ಹೊರಟುಹೋಗುತ್ತದೆ.

ಮೊದಲ ಪ್ರಶ್ನೆಗೆ ಉತ್ತರ ದೊರೆತಂತಾಯಿತು. ಎರಡನೆಯ ಪ್ರಶ್ನೆಯೂ ಇಲ್ಲಿಯೇ ಅಡಗಿದೆ. ಯಾವುದು ಕೊಳೆಯ ಜಿಡ್ಡು, ಯಾವುದು ಚರ್ಮದ ಸ್ವಂತ ಜಿಡ್ಡು ಎಂಬ ಭೇದವನ್ನು ಸಾಬೂನಿನ ಅಣು ಎಣಿಸುವುದಿಲ್ಲ.

ಒಂದು ಯುದ್ಧ, ಎರಡು ದಾರಿ

ಮೊದಲ ಮಹಾಯುದ್ಧ (1914–18) ಸಾಬೂನಿನ ಚರಿತ್ರೆಯಲ್ಲಿ ಎರಡು ತಿರುವುಗಳಿಗೆ ಕಾರಣವಾಯಿತು. ಅದುವರೆಗೆ ಮೈಸೂರಿನ ಶ್ರೀಗಂಧ ಯುರೋಪಿಗೆ, ಮುಖ್ಯವಾಗಿ ಜರ್ಮನಿಗೆ, ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಯುದ್ಧದಿಂದ ರಫ್ತು ನಿಂತಾಗ ಗಂಧದ ಮರ ರಾಶಿಬಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೊ ಮತ್ತು ವಾಟ್ಸನ್ ಎಣ್ಣೆ ಬಟ್ಟಿಯಿಳಿಸುವ ಕೆಲಸಕ್ಕೆ ನೆರವಾದರು. ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಆಸಕ್ತಿಯಿಂದ ಸರ್ಕಾರಿ ಸಾಬೂನು ಕಾರ್ಖಾನೆಯೂ ಬಂತು. ಸಾಬೂನಿನ ತಂತ್ರವನ್ನು ಇಂಗ್ಲೆಂಡಿನಲ್ಲಿ ಕಲಿತು ಬಂದ ಸೋಸಲೆ ಗರಳಪುರಿ ಶಾಸ್ತ್ರಿಯವರ ಶ್ರಮದಿಂದ ಮೈಸೂರು ಸ್ಯಾಂಡಲ್ ಸಾಬೂನು ಸಿದ್ಧವಾಯಿತು.

ಅತ್ತ ಜರ್ಮನಿಯಲ್ಲಿ ಖಾದ್ಯ ಕೊಬ್ಬಿನ ಅಭಾವ ತಲೆದೋರಿತು. ಕೊಬ್ಬಿಲ್ಲದೆ ಮಾರ್ಜಕ ಮಾಡಲು ಸಾಧ್ಯವೆ ಎಂದು ಅಲ್ಲಿನ ರಸಾಯನವಿಜ್ಞಾನಿಗಳು ಯತ್ನಿಸಿದರು. ಸಂಶ್ಲೇಷಿತ ಮಾರ್ಜಕಗಳ ಪರಂಪರೆ ಹೀಗೆ ಶುರುವಾಯಿತು. ಇವುಗಳಿಗೆ ಎರಡು ಅನುಕೂಲಗಳಿದ್ದವು. ಸಾಬೂನು ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳೊಡನೆ ಕೂಡಿ ಕರಗದ ಬಿಳಿ ಗಸಿಯಾಗುತ್ತದೆ. ನಮ್ಮ ಕೊಳವೆಬಾವಿಗಳ ನೀರಿನಲ್ಲಿ ನೊರೆ ಬರದಿರಲು ಇದೇ ಕಾರಣ. ಹಲವು ಸಂಶ್ಲೇಷಿತ ಮಾರ್ಜಕಗಳಿಗೆ ಈ ತೊಂದರೆ ಅಷ್ಟಾಗಿ ಇಲ್ಲ. ಎರಡನೆಯದಾಗಿ, ಅವು ಕ್ಷಾರೀಯವಾಗಿರಲೇಬೇಕೆಂಬ ನಿರ್ಬಂಧವಿಲ್ಲ. ಆದರೆ ಈ ಎರಡನೆಯ ಗುಣದ ಬೆಲೆ ತಿಳಿಯಲು ಚರ್ಮದ ವಿಜ್ಞಾನ ಬೆಳೆಯಬೇಕಾಗಿತ್ತು.

ಆಮ್ಲದ ಹೊದಿಕೆ

1928ರಲ್ಲಿ ಜರ್ಮನಿಯ ಹೈನ್ರಿಷ್ ಶಾಡೆ ಮತ್ತು ಆಲ್ಫ್ರೆಡ್ ಮಾರ್ಕಿಯೊನಿನಿ ಎಂಬ ವೈದ್ಯರು ಚರ್ಮದ ಮೇಲ್ಮೈ ಆಮ್ಲೀಯವಾಗಿದೆಯೆಂದು ಅಳೆದು ತೋರಿಸಿ, ಅದಕ್ಕೆ 'ಆಮ್ಲದ ಹೊದಿಕೆ' ಎಂದು ಹೆಸರಿಟ್ಟರು. ಆರೋಗ್ಯವಂತ ಚರ್ಮದ ಪಿಎಚ್ ಸುಮಾರು 5 ಎಂದು ಇಟ್ಟುಕೊಳ್ಳೋಣ. ಸಾಬೂನಿನ ನೊರೆಯದು 10. ಪಿಎಚ್ ಅಳತೆ ಲಾಗರಿತಮ್ ಆಧಾರದ್ದಾದ್ದರಿಂದ ಹೈಡ್ರೊಜನ್ ಅಯಾನುಗಳ ಸಾರತೆಯಲ್ಲಿ ಇವೆರಡರ ನಡುವಣ ವ್ಯತ್ಯಾಸ 5 ಪಟ್ಟಲ್ಲ, 1 ಲಕ್ಷ ಪಟ್ಟು. ಸಾಬೂನಿನಿಂದ ತೊಳೆದ ಚರ್ಮದ ಪಿಎಚ್ ಮೇಲೇರುತ್ತದೆ. ಅದು ಮೊದಲಿನ ಮಟ್ಟಕ್ಕೆ ಮರಳಲು ಗಂಟೆಗಟ್ಟಲೆ ಹಿಡಿಯಬಹುದು.

ಆಮ್ಲೀಯತೆ ಯಾಕೆ ಬೇಕು? ಶೃಂಗಪದರದ ಕೊಬ್ಬನ್ನು ಸಿದ್ಧಪಡಿಸುವ ಕೆಲವು ಕಿಣ್ವಗಳು ಆಮ್ಲೀಯ ವಾತಾವರಣದಲ್ಲೇ ಚೆನ್ನಾಗಿ ಕೆಲಸ ಮಾಡುತ್ತವೆ. ಹಲವು ರೋಗಾಣುಗಳಿಗೆ ಆ ವಾತಾವರಣ ಹಿತವಲ್ಲ. 1950ರ ದಶಕದಲ್ಲಿ ಅಮೆರಿಕದಲ್ಲಿ 'ಡವ್' ಎಂಬ ಸಂಶ್ಲೇಷಿತ ಬಿಲ್ಲೆ ಮಾರುಕಟ್ಟೆಗೆ ಬಂತು. ಅದರ ಪಿಎಚ್ 7ರ ಹತ್ತಿರ. 1979ರಲ್ಲಿ ಫ್ರಾಷ್ ಮತ್ತು ಕ್ಲಿಗ್‌ಮನ್ ಎಂಬ ಚರ್ಮತಜ್ಞರು ಸಾಬೂನುಗಳ 8 ಶೇಕಡ ದ್ರಾವಣವನ್ನು ಮುಂದೋಳಿನ ಮೇಲೆ 5 ದಿನಗಳ ಅವಧಿಯಲ್ಲಿ ಇಟ್ಟು ಪರೀಕ್ಷಿಸಿದರು. ಮೈತೊಳೆಯುವ ಬಿಲ್ಲೆಗಳ ನಡುವೆ ಅಗಾಧ ವ್ಯತ್ಯಾಸವಿರುವುದು ಆಗ ಬೆಳಕಿಗೆ ಬಂತು. ಕೆಲವು ಬಿಲ್ಲೆಗಳು ಚರ್ಮವನ್ನು ತೀವ್ರವಾಗಿ ಕೆರಳಿಸಿದರೆ ಸಂಶ್ಲೇಷಿತ ಬಿಲ್ಲೆ ಸೌಮ್ಯವಾಗಿತ್ತು.

ಹಾಗೆಂದು ಪಿಎಚ್ ಒಂದರಿಂದಲೇ ಎಲ್ಲವೂ ನಿರ್ಧಾರವಾಗುವುದಿಲ್ಲ. ಮಾರ್ಜಕದ ಅಣು ಕೆರಾಟಿನ್‌ಗೆ ಎಷ್ಟು ಅಂಟಿಕೊಳ್ಳುತ್ತದೆ ಎಂಬುದೂ ಮುಖ್ಯ. ನಮ್ಮ ಸಾಬೂನುಗಳ ಹೊದಿಕೆಯ ಮೇಲೆ ನಮೂದಾಗಿರುವ ಟಿಎಫ್‌ಎಂ ಎಂಬ ಸಂಖ್ಯೆ ಒಟ್ಟು ಮೇದವಸ್ತುವಿನ ಶೇಕಡ ಪ್ರಮಾಣ. ಭಾರತೀಯ ಮಾನಕದ ಪ್ರಕಾರ ಮೊದಲ ದರ್ಜೆಯ ಸಾಬೂನಿನಲ್ಲಿ ಇದು ಕನಿಷ್ಠ 76 ಇರಬೇಕು. ಸಾಬೂನಿನಲ್ಲಿ ಬೆರಕೆ ಎಷ್ಟು ಕಡಿಮೆ ಎಂಬುದನ್ನು ಅದು ಹೇಳುತ್ತದೆಯೇ ಹೊರತು ಕ್ಷಾರೀಯತೆಯನ್ನಲ್ಲ.

ಒಣಚರ್ಮಕ್ಕೆ ಬೇಕಾದುದು ಎಣ್ಣೆಯೆ, ನೀರೆ?

ಚರ್ಮ ಒಣಗುವುದು ಎಣ್ಣೆಯ ಕೊರತೆಯಿಂದ ಎಂದು ಬಹುಕಾಲ ನಂಬಲಾಗಿತ್ತು. 1952ರಲ್ಲಿ ಅಮೆರಿಕದ ಅರ್ವಿನ್ ಬ್ಲಾಂಕ್ ಸರಳ ಪ್ರಯೋಗದಿಂದ ಈ ನಂಬಿಕೆಯನ್ನು ಪರೀಕ್ಷಿಸಿದ. ಒಣಗಿ ಗಡುಸಾದ ಶೃಂಗಪದರದ ಚೂರುಗಳನ್ನು ಎಣ್ಣೆಯಲ್ಲಿಟ್ಟರೂ ಅವು ಮೆತ್ತಗಾಗಲಿಲ್ಲ. ನೀರು ದೊರೆತೊಡನೆ ಮೆತ್ತಗಾದವು. ಸ್ನಾನವಾದ ಮೇಲೆ ಉಗುರು ಸುಲಭವಾಗಿ ಕತ್ತರಿಸಲು ಬರುವುದನ್ನು ನೆನೆಯಿರಿ. ಹಾಗಾದರೆ ಎಣ್ಣೆಯ ಪಾತ್ರವೇನು? ಅದು ನೀರನ್ನು ಕೊಡುವುದಿಲ್ಲ, ಇರುವ ನೀರು ಆವಿಯಾಗದಂತೆ ಮುಚ್ಚುತ್ತದೆ.

1970ರ ದಶಕದಲ್ಲಿ ಮತ್ತು ನಂತರ ಶೃಂಗಪದರದ ರಚನೆ ಇನ್ನಷ್ಟು ಸ್ಪಷ್ಟವಾಯಿತು. 1975ರಲ್ಲಿ ಮೈಕೆಲ್ಸ್, ಚಂದ್ರಶೇಖರನ್ ಮತ್ತು ಶಾ, ಬಳಿಕ ಪೀಟರ್ ಇಲಿಯಾಸ್ ಇದನ್ನು ಇಟ್ಟಿಗೆ–ಗಾರೆಯ ಗೋಡೆಗೆ ಹೋಲಿಸಿದರು. ಕೆರಾಟಿನ್ ತುಂಬಿದ ಮೃತಕೋಶಗಳು ಇಟ್ಟಿಗೆಗಳು. ಸೆರಮೈಡ್, ಕೊಲೆಸ್ಟರಾಲ್ ಮತ್ತು ಮೇದಾಮ್ಲಗಳು ನಡುವಣ ಗಾರೆ. ಗೋಡೆ ಗಟ್ಟಿಯಾಗಿದ್ದಾಗ ನಮಗೆ ಅರಿವಾಗದಂತೆ ವಿಸರಣೆಯಿಂದ ಚರ್ಮದ ಮೂಲಕ ಹೊರಹೋಗುವ ನೀರು ದಿನಕ್ಕೆ ಸುಮಾರು 300ರಿಂದ 400 ಮಿಲಿಲೀಟರ್. ಸಾಬೂನು ಗಾರೆಯನ್ನು ಅಲ್ಪಸ್ವಲ್ಪ ಕರಗಿಸಿ ಒಯ್ಯುತ್ತದೆ. ನೀರಿನಲ್ಲಿ ಬಹಳ ಹೊತ್ತು ನೆಂದ ಇಟ್ಟಿಗೆಗಳು ಉಬ್ಬುತ್ತವೆ. ಬಿಸಿನೀರು ಎರಡನ್ನೂ ತ್ವರಿತಗೊಳಿಸುತ್ತದೆ. ಸ್ನಾನದ ಮರುಕ್ಷಣ ತೇವದಿಂದ ಮೃದುವಾಗಿದ್ದ ಚರ್ಮ, ಅರ್ಧ ಗಂಟೆಯಲ್ಲಿ ಬಿಗಿದು ಬೂದಿ ಬಣ್ಣಕ್ಕೆ ತಿರುಗಿ ತುರಿಸುವುದು ಈ ಕಾರಣದಿಂದ. ವಯಸ್ಸಾದವರಲ್ಲಿ ಗಾರೆಯ ದುರಸ್ತಿ ನಿಧಾನ. ಚಳಿಗಾಲದ ಒಣಹವೆಯೂ ಕೂಡಿದಾಗ ಮೊಣಕಾಲಿನ ಕೆಳಗಿನ ಚರ್ಮ ಬಿರುಕುಬಿಡುವುದುಂಟು. ಆ ಬಿರುಕು ಸೋಂಕಿಗೆ ಬಾಗಿಲು.

ಬಿಸಿ ಎಷ್ಟಿರಬೇಕು?

1947ರಲ್ಲಿ ಹಾರ್ವರ್ಡ್‌ನ ಮೊರಿಟ್ಸ್ ಮತ್ತು ಹೆನ್ರಿಕ್ಸ್ ಬಿಸಿನೀರಿನಿಂದ ಚರ್ಮ ಸುಡುವ ಪ್ರಕ್ರಿಯೆಯನ್ನು ಅಳೆದರು. 44 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚರ್ಮಕ್ಕೆ ಸರಿಪಡಿಸಲಾಗದ ಹಾನಿಯಾಗಲು ಸುಮಾರು 6 ಗಂಟೆ ಬೇಕು. ಅಲ್ಲಿಂದ 51 ಡಿಗ್ರಿಯವರೆಗೆ ಪ್ರತಿ ಡಿಗ್ರಿ ಏರಿಕೆಗೆ ಈ ಅವಧಿ ಹೆಚ್ಚುಕಡಿಮೆ ಅರ್ಧವಾಗುತ್ತದೆ. 360 ನಿಮಿಷವನ್ನು 7 ಬಾರಿ ಅರ್ಧಿಸಿದರೆ 3 ನಿಮಿಷಕ್ಕಿಂತ ಕಡಿಮೆ ಬರುತ್ತದೆ. 60 ಡಿಗ್ರಿಯಲ್ಲಿ ಸುಮಾರು 5 ಸೆಕೆಂಡ್ ಸಾಕು. ರಾಸಾಯನಿಕ ಕ್ರಿಯೆಯ ವೇಗ ತಾಪದೊಡನೆ ಏರುವ ಅರೀನಿಯಸ್ ನಿಯಮ ಇಲ್ಲಿ ಪ್ರೋಟೀನುಗಳ ನಾಶಕ್ಕೆ ಅನ್ವಯವಾಗುತ್ತದೆ. ಮಕ್ಕಳ ಚರ್ಮ ಇನ್ನೂ ತೆಳುವಾದ್ದರಿಂದ ಅವರಿಗೆ ಅವಧಿ ಇನ್ನೂ ಕಡಿಮೆ.

ಮನೆಯ ಗೀಸರ್‌ನ ತಾಪ ನಿಯಂತ್ರಕ 60 ಡಿಗ್ರಿಯಲ್ಲಿರುವುದು ಅಪರೂಪವಲ್ಲ. ಬಿಸಿಲಿನ ದಿನ ಸೌರ ಹೀಟರಿನ ನೀರು ಅದನ್ನೂ ಮೀರಬಹುದು. ಆದ್ದರಿಂದ ಬಕೆಟಿಗೆ ಮೊದಲು ತಣ್ಣೀರು, ಅನಂತರ ಬಿಸಿನೀರು ಎಂಬ ಕ್ರಮ ಜೀವ ಉಳಿಸುವ ಕ್ರಮ. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದವರು ನೀರನ್ನು ಕಾಲಿನಿಂದ ಪರೀಕ್ಷಿಸಬಾರದು. ದೇಹದ ತಾಪಕ್ಕೆ ಹತ್ತಿರದ, ಅಂದರೆ 37–38 ಡಿಗ್ರಿಯ, ಉಗುರುಬೆಚ್ಚಗಿನ ನೀರು ಎಲ್ಲರಿಗೂ ಸಾಕು.

ಸಾಬೂನು ಬೇಡವೆ?

ಇಷ್ಟನ್ನು ಓದಿ ಸಾಬೂನನ್ನೇ ಬಿಡಬೇಕೆಂದು ತೀರ್ಮಾನಿಸಿದರೆ ಅದು ದೊಡ್ಡ ತಪ್ಪಾಗುತ್ತದೆ. ಕರಾಚಿಯ ಬಡ ಬಡಾವಣೆಗಳಲ್ಲಿ ನಡೆಸಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಸಾಬೂನು ಕೊಟ್ಟು ಕೈತೊಳೆಯುವುದನ್ನು ರೂಢಿಸಿದ ಮನೆಗಳಲ್ಲಿ 5 ವರ್ಷದೊಳಗಿನ ಮಕ್ಕಳ ನ್ಯುಮೋನಿಯ ಅರ್ಧದಷ್ಟು ಇಳಿಯಿತು. ಭೇದಿಯೂ ಅರ್ಧಕ್ಕಿಂತ ಕಡಿಮೆಯಾಯಿತು. ಮಕ್ಕಳ ಚರ್ಮದ ಸೋಂಕಾದ ಇಂಪೆಟೈಗೊ ಸಹ ಮೂರನೆಯ ಒಂದರಷ್ಟು ತಗ್ಗಿತು. ರೋಗಾಣುನಾಶಕ ಬೆರೆಸಿದ ಸಾಬೂನಿಗೂ ಸಾದಾ ಸಾಬೂನಿಗೂ ಇದರಲ್ಲಿ ವ್ಯತ್ಯಾಸ ಕಾಣಲಿಲ್ಲ. 2016ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಸಾಮಾನ್ಯ ಬಳಕೆಯ ಸಾಬೂನುಗಳಲ್ಲಿ ಟ್ರೈಕ್ಲೊಸಾನ್ ಸೇರಿದಂತೆ 19 ರೋಗಾಣುನಾಶಕಗಳಿಗೆ ಅವಕಾಶವಿಲ್ಲವೆಂದು ತೀರ್ಮಾನಿಸಿತು. ಅವು ಸುರಕ್ಷಿತ, ಸಾದಾ ಸಾಬೂನಿಗಿಂತ ಮೇಲು ಎಂಬುದಕ್ಕೆ ತಯಾರಕರು ಸಾಕಷ್ಟು ಪುರಾವೆ ಒದಗಿಸಿರಲಿಲ್ಲ.

ತೋರಿಕೆಗೆ ಸರಿಯೆನಿಸುವ ಇನ್ನೆರಡು ಉಪಾಯಗಳೂ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಇಸುಬಿರುವ 336 ಮಕ್ಕಳ ಮೇಲೆ ಇಂಗ್ಲೆಂಡಿನಲ್ಲಿ ನಡೆದ ಅಧ್ಯಯನ (2011), ಗಡಸು ನೀರನ್ನು ಮೆದುವಾಗಿಸುವ ಯಂತ್ರದಿಂದ ರೋಗಕ್ಕೆ ಹೆಚ್ಚಿನ ಉಪಶಮನವಿಲ್ಲವೆಂದು ತೋರಿಸಿತು. ಸ್ನಾನದ ನೀರಿಗೆ ಎಣ್ಣೆಯಂಥ ದ್ರವ ಬೆರೆಸುವುದರಿಂದಲೂ ಇಂಥ ಮಕ್ಕಳಿಗೆ ಪ್ರಯೋಜನ ಕಾಣಲಿಲ್ಲ ಎಂಬುದು ಬ್ರಿಟನ್ನಿನ 2018ರ ಅಧ್ಯಯನದ ಫಲಿತಾಂಶ. ಸ್ನಾನವಾದ ಮೇಲೆ ಚರ್ಮದ ಮೇಲೆಯೇ ಲೇಪಿಸುವುದು ಬೇರೆ ವಿಷಯ. 2004ರಲ್ಲಿ ಫಿಲಿಪೀನ್ಸ್‌ನಲ್ಲಿ ಒಣಚರ್ಮದ 34 ಮಂದಿಯ ಮೇಲೆ ನಡೆದ ಸಣ್ಣ ಅಧ್ಯಯನದಲ್ಲಿ ಕೊಬ್ಬರಿ ಎಣ್ಣೆ ಖನಿಜ ಎಣ್ಣೆಯಷ್ಟೇ ಗುಣಕಾರಿಯಾಗಿ ಕಂಡಿತು.

ಈ ಚರಿತ್ರೆಯಿಂದ ದೊರೆಯುವ ಸೂಚನೆಗಳು ಕೆಲವೇ. ಸ್ನಾನ 5ರಿಂದ 10 ನಿಮಿಷ, ನೀರು ಉಗುರುಬೆಚ್ಚಗೆ. ಸಾಬೂನು ಕೈ, ಕಂಕುಳು, ತೊಡೆಸಂದು, ಪಾದ ಮತ್ತು ಕೊಳೆಯಾದ ಭಾಗಗಳಿಗೆ. ಒಣಚರ್ಮದವರು ತೋಳು, ಮೊಣಕಾಲಿನ ಕೆಳಭಾಗಗಳಿಗೆ ದಿನವೂ ಹಚ್ಚಬೇಕಿಲ್ಲ. ಕಲ್ಲು, ನಾರುಗಳಿಂದ ಉಜ್ಜಿದಾಗ ಹೋಗುವುದು ಕೊಳೆಯಷ್ಟೇ ಅಲ್ಲ, ಇಟ್ಟಿಗೆಗಳೂ ಹೌದು. ಟವಲಿನಿಂದ ಒತ್ತಿ ಒರಸಿ, ಮೈ ಇನ್ನೂ ತುಸು ತೇವವಾಗಿರುವಾಗಲೇ ಎಣ್ಣೆ ಅಥವಾ ಲೇಪ ಹಚ್ಚಬೇಕು. ಹಚ್ಚುವಾಗ ನೆಲ ಜಾರದಂತೆ ಎಚ್ಚರ ಬೇಕು. ತುರಿಕೆ, ಬಿರುಕು ವಾರಗಟ್ಟಲೆ ಉಳಿದರೆ ವೈದ್ಯರನ್ನು ಕಾಣಬೇಕು.

ಶಿಕ್ಷಕರು ಇದನ್ನು ತರಗತಿಗೆ ತರಬಹುದು. ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿದ ಕಾಗದದ ಪಟ್ಟಿಗಳನ್ನು ವಿದ್ಯಾರ್ಥಿಗಳಿಗೆ ಕೊಡಿ. ಮನೆಯಲ್ಲಿರುವ ಸಾಬೂನು, ಶ್ಯಾಂಪೂ, ಸೀಗೆಪುಡಿಯ ನೀರು ಒಂದೊಂದರ ಹನಿಯನ್ನೂ ಪಟ್ಟಿಯ ಮೇಲಿಟ್ಟು ಯಾವುದು ಕೆಂಪಾಯಿತು, ಯಾವುದು ಹಳದಿಯಾಗಿಯೇ ಉಳಿಯಿತು ಎಂದು ಬರೆದುಕೊಳ್ಳಲಿ. ಸಾಧ್ಯವಾದರೆ ಪ್ರಯೋಗಶಾಲೆಯ ತಾಪಮಾಪಕದಿಂದ, ಹಿರಿಯರ ಸಮ್ಮುಖದಲ್ಲಿ, ತಮ್ಮ ಮನೆಯ ಸ್ನಾನದ ನೀರಿನ ತಾಪವನ್ನೂ ಅಳೆಯಲಿ. 44ಕ್ಕಿಂತ ಮೇಲಿನ ಅಂಕಿಗಳು ಎಷ್ಟು ಮನೆಗಳಿಂದ ಬಂದವು ಎಂಬುದನ್ನು ತರಗತಿಯಲ್ಲಿ ಕೂಡಿ ಲೆಕ್ಕಹಾಕಿ, ಆ ಮನೆಗಳಿಗೆ ವಿಷಯ ತಿಳಿಸುವುದು ಪಾಠದ ಮುಂದಿನ ಭಾಗವಾಗಲಿ.